ಎಡಗೈಯ ಸಹಿ

ಕನ್ನಡಕದಂಗಡಿಯಲ್ಲಿ ಬಂದವರ ಕಣ್ಣು ಪರೀಕ್ಷಿಸುತ್ತಲೇ ಅರ್ಧ ಆಯಸ್ಸು ಕಳೆದವಳಿಗೆ ಆ ಅಂಗಡಿಯೇ ಕೈಸೇರುವ ಕಾಲ ಕೂಡಿಬಂದಿತ್ತು. ಮುದುಕ ಮಾಲೀಕ ಅದನ್ನು ಮಾರಿ ಮಗಳ ಊರಿಗೆ ಹೊರಟಿದ್ದ. "ಇವತ್ತು ಸಂಜೆವರೆಗೂ ನಿನ್ನ ದಾರಿ ನೋಡ್ತೀನಮ್ಮ. ಆಮೇಲೆ ಪಕ್ಕದ ಚಪ್ಪಲಿಯಂಗಡಿಯವನಿಗೆ ಕೊಟ್ಬಿಡ್ತೀನಿ" ಎಂದಿದ್ದ. ಅವಳ ಜೀವವೆಲ್ಲ ಒಂದು ಉಳಿತಾಯದ ಪಾಲಿಸಿಯ ಮೇಲೆ ನಿಂತಿತ್ತು. ಆ ಪಾಲಿಸಿಯಾದರೋ ಅವಳ ಮತ್ತು ಹೋದ ವರ್ಷ ಬೇರೆಯಾದ ಗಂಡನ ಜಂಟಿ ಹೆಸರಿನಲ್ಲಿತ್ತು.

ಮದುವೆಯ ಹೊಸದರಲ್ಲಿ ಅಂಥವು ಎರಡು ಮಾಡಿಸಿದ್ದರು. ವಿಚ್ಛೇದನವಾದಾಗ ಪಾತ್ರೆಪಡಗ, ಮಂಚ, ಕಪಾಟು ಎಲ್ಲ ತಕರಾರಿಲ್ಲದೆ ಪಾಲಾದವು. ಇವೆರಡರ ನೆನಪು ಮಾತ್ರ ಯಾರಿಗೂ ಆಗಲಿಲ್ಲ. ಈಗ ಆಳಿಗೊಂದು ಎಂದು ಮಾತಾಗಿತ್ತು. ಒಂದೇ ಅರ್ಜಿಗೆ ಇಬ್ಬರೂ ಸಹಿ ಹಾಕಿ, ವಿಮಾ ಕಚೇರಿಯವರು ಮೊಹರೊತ್ತಿದರೆ ಮಾಲೀಕನಿಗೆ ಅಷ್ಟೇ ಸಾಕಿತ್ತು; ಹಣ ಕೈಗೆ ಬಂದಮೇಲೆ ಕೊಟ್ಟರಾಗುತ್ತಿತ್ತು.

ಮಾಜಿ ಗಂಡ ಹೇಳಿದ ಹೊತ್ತಿಗೆ ವಿಮಾ ಕಚೇರಿಗೆ ಬಂದ. ಅಂಗಡಿಗಳ ಬೋರ್ಡು ಬರೆಯುವವನು. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. ಹಿಂದೆಯೇ ಅವನ ತಾಯಿ.

"ನೀವ್ಯಾಕೆ ಬಂದ್ರಿ ಅತ್ತೆ, ಮೆಟ್ಟಿಲು ಹತ್ಕೊಂಡು?"

"ಬೇರೆಯಾದೋರು ನೀವಿಬ್ರು ಕಣೇ. ನಾನು ಯಾವ ಕಾಗದಕ್ಕೂ ಸಹಿ ಹಾಕಿಲ್ಲ" ಎಂದು ಮುದುಕಿ ಇಬ್ಬರ ನಡುವಿನ ಕುರ್ಚಿಯಲ್ಲೇ ಕೂತಳು.

ಗುಮಾಸ್ತ ಇಸ್ತ್ರಿ ಹಾಕಿದಂಥ ಮುಖದವನು. ಅವಳ ಸಹಿಯನ್ನು ಹಳೆಯ ಸಹಿಯೊಡನೆ ಹೋಲಿಸಿ ತಲೆಯಾಡಿಸಿದ. ಗಂಡನದನ್ನು ನೋಡಿ ಹುಬ್ಬು ಗಂಟಿಕ್ಕಿದ. "ಹೊಂದಲ್ಲ."

ಅವನು ಮತ್ತೆ ಬರೆದ. ಅಕ್ಷರಗಳು ಮುತ್ತಿನ ಸಾಲಿನಂತೆ ಇಳಿದವು. "ಇದೂ ಹೊಂದಲ್ಲ. ಹಳೇದನ್ನ ನಿಮಗೆ ತೋರಿಸೋ ಹಾಗಿಲ್ಲ. ಹೊಸ ಸಹಿ ದಾಖಲು ಮಾಡ್ಬಹುದು, ಮೂರು ವಾರ ಆಗತ್ತೆ."

ಅವಳಿಗೆ ಕನ್ನಡಕಗಳ ಜಾಗದಲ್ಲಿ ಚಪ್ಪಲಿಗಳ ಸಾಲು ಕಣ್ಣಿಗೆ ಕಟ್ಟಿತು.

"ನನ್ನ ಕೈಯನ್ನೇ ನಂಬಲ್ವಲ್ಲ ಇವ್ರು" ಎಂದು ಅವನು ಗೊಣಗಿದ. "ಊರೆಲ್ಲ ನನ್ನ ಅಕ್ಷರ ಓದ್ತಾರೆ."

"ಊರು ಓದ್ಲಿ, ಅವರು ಓದ್ಬೇಕಲ್ಲ" ಎಂದಳು ತಾಯಿ.

ಕನ್ನಡಕದಂಗಡಿಯವಳು ಕಣ್ಣು ಮುಚ್ಚಿದಳು. ಪಾಲಿಸಿ ಮಾಡಿಸಿದ ದಿನದ ಮೇಜು ನೆನಪಾಯಿತು. ಮೇಜಿನ ಮೇಲೆ ಕಾಗದ ಜಾರುತ್ತಿತ್ತು. ಅದನ್ನು ಒತ್ತಿ ಹಿಡಿದದ್ದು ತಾನು. ಯಾಕೆ ಹಿಡಿದೆ?

"ನಿನ್ನ ಬಲಗೈಗೆ ಪಟ್ಟಿ ಕಟ್ಟಿತ್ತು" ಎಂದಳು. "ಏಣಿಯಿಂದ ಬಿದ್ದಿದ್ದೆ. ಎಡಗೈಲಿ ಹಾಕಿದ್ದು ನೀನು."

ಅವನು ಪೆನ್ನು ಎಡಗೈಗೆ ದಾಟಿಸಿಕೊಂಡ. ಆಗಲೂ ಸಹಿ ಅಂದವಾಗಿಯೇ ಬಂತು. ಆ ಪೆಟ್ಟಿನ ನಂತರ ಅವನು ಎರಡೂ ಕೈಯಲ್ಲಿ ಬರೆಯಲು ಕಲಿತಿದ್ದ. ಏಣಿಯ ಮೇಲೆ ಅದೇ ಅನುಕೂಲ. ಗುಮಾಸ್ತ ತಲೆ ಅಡ್ಡಡ್ಡ ಆಡಿಸಿದ. "ಹತ್ತಿರ ಬಂತು. ಆದ್ರೆ ಅದು ಇಷ್ಟು ನೆಟ್ಟಗಿಲ್ಲ."

"ಚಂದ ಮಾಡ್ಬೇಡ ಮಾರಾಯ. ಕೆಟ್ಟದಾಗಿ ಬರಿ."

"ಬರಲ್ವೇ. ನಾನೇನು ಮಾಡ್ಲಿ, ಕೈ ಕೇಳಲ್ಲ."

ಅವನ ದನಿಯಲ್ಲಿ ನಿಜವಾದ ಸಂಕಟವಿತ್ತು. ಅವಳು ಕುರ್ಚಿ ಎಳೆದುಕೊಂಡು, ಅಂದಿನಂತೆ ಕಾಗದದ ಅಂಚನ್ನು ಒತ್ತಿ ಹಿಡಿದಳು. ಪೆನ್ನು ಕಾಗದಕ್ಕೆ ತಾಗುತ್ತಲೇ ಅಂದು ಅವನ ಕಿವಿಯಲ್ಲಿ ಕೇಳಿದ್ದನ್ನೇ ಮತ್ತೆ ಮೆಲ್ಲನೆ ಕೇಳಿದಳು: "ಬಿದ್ದಾಗ ಯಾವ ಬೋರ್ಡ್ ಬರೀತಿದ್ದೆ ಅಂತ ಇವರಿಗೆ ಹೇಳ್ಬಿಡ್ಲಾ?"

ಅವನ ಭುಜ ಕುಲುಕಿತು.

"ಯಾವ ಬೋರ್ಡು?" ಎಂದ ಗುಮಾಸ್ತ.

"'ಜಾರುತ್ತದೆ, ಎಚ್ಚರಿಕೆ'" ಎಂದಳು ಮುದುಕಿ, ಮಗನ ಮಾನದ ಕಡೆಗೆ ನೋಡದೆ. "'ಎಚ್ಚ' ಅನ್ನೋವರೆಗೂ ಬರ್ದಿದ್ದ."

ಅವನು ನಗು ತಡೆಯಲು ತುಟಿ ಕಚ್ಚಿದ, ಅದು ಕೈಗಿಳಿಯಿತು. ಪೆನ್ನು ಗುಡ್ಡ ಹತ್ತಿ ಕಣಿವೆಗೆ ಉರುಳಿ, ಕೊನೆಯ ಅಕ್ಷರ ಕಾಗದದ ಅಂಚು ಮುಟ್ಟಿತು. ಅವಳೂ ನಗುತ್ತಿದ್ದಳು, ಕಾಗದ ಮಾತ್ರ ಬಿಟ್ಟಿರಲಿಲ್ಲ.

ಗುಮಾಸ್ತ ಭೂತಗನ್ನಡಿ ಹಿಡಿದು ಹಿಂದೆ ಮುಂದೆ ನೋಡಿದ. ಅವನ ಮುಖದ ಇಸ್ತ್ರಿಯೂ ಸ್ವಲ್ಪ ಮುದುರಿತು. "ಇದೇ. ಥೇಟ್ ಇದೇ" ಎಂದು ಎರಡು ಪಾಲಿಸಿಗೂ ಮೊಹರೊತ್ತಿದ.

ಹೊರಗೆ ಬೀದಿಯಲ್ಲಿ ಅವನು ತನ್ನ ಪಾಲಿನ ಪಾಲಿಸಿಯನ್ನು ಮಡಚಿ ಜೇಬಿಗಿಟ್ಟ. "ಇನ್ನು ನನ್ನ ನಿನ್ನ ಹೆಸರು ಜೊತೆಗಿರೋ ಕಾಗದ ಯಾವುದೂ ಉಳೀಲಿಲ್ಲ, ಅಲ್ವಾ?"

"ಇಲ್ಲ."

"ಒಳ್ಳೇದೇ ಆಯ್ತು" ಎಂದ, ಜೇಬನ್ನೊಮ್ಮೆ ಮುಟ್ಟಿಕೊಂಡು. "ನಡಿ ಬೇಗ, ಹೊತ್ತಾಗ್ತಿದೆ."

ಅವಳು ಓಡಿದಂತೆಯೇ ನಡೆದಳು. ಮಾಲೀಕ ಕೋಟು ತೊಟ್ಟು ಬಾಗಿಲಲ್ಲೇ ನಿಂತಿದ್ದ. ಮೊಹರನ್ನು ನೋಡಿ ಬೀಗದ ಕೈ ಅವಳ ಅಂಗೈಯಲ್ಲಿಟ್ಟು ಹೊರಟುಹೋದ. ಒಳಗೆ ಬಂದು ಅವಳು ಮೊದಲು ಮಾಡಿದ ಕೆಲಸವೆಂದರೆ, ಇಷ್ಟು ವರ್ಷ ಊರಿನವರನ್ನೆಲ್ಲ ಕೂರಿಸಿ ತಾನು ಒಮ್ಮೆಯೂ ಕೂರದ, ಕಣ್ಣು ಪರೀಕ್ಷೆಯ ಆ ಎತ್ತರದ ಕುರ್ಚಿಯನ್ನು ಹತ್ತಿ ಕೂತದ್ದು. ಕಾಲು ನೆಲಕ್ಕೆ ಎಟುಕಲಿಲ್ಲ. ಹಾಗೆಯೇ ತೂಗಾಡಿಸುತ್ತಾ, ಎದುರಿನ ಗೋಡೆಯ ಅಕ್ಷರಗಳನ್ನು ದೊಡ್ಡದರಿಂದ ಸಣ್ಣದರವರೆಗೆ ಗಟ್ಟಿಯಾಗಿ ಓದಿಕೊಂಡಳು.