ಓಟು ಕಲಸುವ ಅಂಬ್ರಪ್ಪ

ಅಂಬ್ರಪ್ಪನವರ ಊಟ ನೋಡುವಂಥದ್ದು. ಜೋಳದ ರೊಟ್ಟಿಯ ಚೂರು, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು, ಮೇಲೊಂದು ಹಿಡಿ ಅನ್ನ, ಇಷ್ಟನ್ನೂ ಗಂಗಾಳಕ್ಕೆ ಒಟ್ಟಿಗೆ ಹಾಕಿಸಿಕೊಂಡು, ತೋಳು ಮೇಲೇರಿಸಿ, ತಳದಿಂದ ಮೇಲಕ್ಕೆ ಐದಾರು ಸಲ ತಿರುವಿ, ಯಾವುದರ ರುಚಿ ಯಾವುದೆಂದು ಮಾಡಿಬಡಿಸಿದವರಿಗೂ ಗುರುತು ಹತ್ತದಂತಾದ ಮೇಲೆಯೇ ಅವರು ಮೊದಲ ತುತ್ತನ್ನು ಬಾಯಿಗಿಡುವುದು. ತೀರಿಹೋದ ಅವರ ಹೆಂಡತಿ ಇದ್ದಷ್ಟು ದಿನವೂ ಇದಕ್ಕೆ ಬೈಯುತ್ತಲೇ ಇದ್ದರಂತೆ. ನಾಲ್ಕು ಬಗೆ ಮಾಡಿದ ಕೈಗೆ ಸಿಟ್ಟು ಬರದೆ ಇನ್ನೇನು? "ಹೊಟ್ಟಿಗಿ ಹೋದ ಮ್ಯಾಲ ಎಲ್ಲಾ ಒಟ್ಟಽ ಅಲ್ಲೇನು" ಎಂಬುದು ಅಂಬ್ರಪ್ಪನವರ ಸಮಜಾಯಿಷಿ.

ಒಟ್ಟು ಎಂಬುದು ಅವರ ಬಾಯಿಗೆ ಅಂಟಿಕೊಂಡ ಮಾತು. ಮಳೆಯ ಸುದ್ದಿ ಕೇಳಿ, ಮೊಮ್ಮಕ್ಕಳ ಅಂಕ ಕೇಳಿ, ಮೊಣಕಾಲು ನೋವು ಕೇಳಿ, "ಒಟ್ಟು ಹೇಳ್ತೀನಿ ಕೇಳ್ರಿ ಸರ್" ಎಂದೇ ಶುರು ಮಾಡುತ್ತಾರೆ. ನಮ್ಮ ವಿಧಾನಸಭಾ ಕ್ಷೇತ್ರದ ಚರಿತ್ರೆ ಅವರಿಗೆ ಕಂಠಪಾಠ. ಯಾವ ವರ್ಷ ಯಾರು ಎಷ್ಟರಿಂದ ಗೆದ್ದರು, ಯಾರ ಠೇವಣಿ ಹೋಯಿತು, ಗೆದ್ದವರು ಯಾವಾಗ ಬಾವುಟ ಬದಲಿಸಿದರು, ಎಷ್ಟು ಮತ ತಿರಸ್ಕೃತವಾದವು, ಎಲ್ಲವನ್ನೂ ಪುರಾಣಿಕರಂತೆ ಹೇಳಬಲ್ಲರು. ಆದರೆ "ನಿಮ್ಮ ಊರು ಯಾರಿಗೆ ಹಾಕಿತು?" ಎಂದು ಒಮ್ಮೆ ಕೇಳಿನೋಡಿ. ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಬಿಟ್ಟು ಗೋಡೆಯ ಕಡೆಗೆ ನೋಡುತ್ತ ನಿಂತುಬಿಡುತ್ತಾರೆ.

ಆ ಕೋಟು ಖಾಕಿಯದು, ಸರ್ಕಾರ ಕೊಟ್ಟದ್ದು. ಶಹಾಪುರದ ಒಂದು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಜವಾನರಾಗಿದ್ದು ನಿವೃತ್ತರಾದರೂ, ಗುಡ್ಡದ ಬಂಡೆಗಳೇ ಕಾದು ಬಿರಿಯುವ ನಮ್ಮ ಯಾದಗಿರಿ ಸೀಮೆಯ ಬೇಸಿಗೆಯಲ್ಲಿ ಕೂಡ ಅದನ್ನು ಅವರು ಬಿಟ್ಟಿಲ್ಲ. ನಡೆಯುವಾಗ ದಾರಿಯ ನಡುವೆ ನಡೆಯುವುದಿಲ್ಲ. ಸಾಹೇಬರು ಎದುರಿಗೆ ಬಂದಾರೆಂದು ಗೋಡೆಗೆ ಹತ್ತಿಕೊಂಡು ನಡೆದು ರೂಢಿಯಾದ ಕಾಲು, ಬಯಲಿನಲ್ಲಿ ಸಹ ಇಲ್ಲದ ಗೋಡೆಯನ್ನು ಹುಡುಕುತ್ತ ಅಂಚಿಗೆ ಸರಿಯುತ್ತದೆ.

ನನಗೆ ಅವರ ಪರಿಚಯವಾದದ್ದು ಮತಪತ್ರಗಳ ಕಾಲದಲ್ಲಿ, ಕಲಬುರ್ಗಿಯ ಒಂದು ಎಣಿಕೆ ಕೇಂದ್ರದಲ್ಲಿ. ಆಗ ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ನಾನು ಕಾಲೇಜಿನ ಕನ್ನಡ ಉಪನ್ಯಾಸಕ, ಎಣಿಕೆಯ ಮೇಜಿಗೆ ಹಾಕಲ್ಪಟ್ಟವನು. ಈಗಿನವರಿಗೆ ತಿಳಿದಿರಲಿಕ್ಕಿಲ್ಲ: ಆಗ ಪೆಟ್ಟಿಗೆ ತೆರೆದ ಕೂಡಲೇ ಯಾರಿಗೆಷ್ಟು ಎಂದು ಎಣಿಸುತ್ತಿರಲಿಲ್ಲ. ಪ್ರತಿ ಮತಗಟ್ಟೆಯ ಚೀಟಿಗಳನ್ನು ಬಿಡಿಸದೆ ಕಟ್ಟು ಕಟ್ಟಿ, ಹತ್ತಾರು ಊರುಗಳ ಕಟ್ಟುಗಳನ್ನು ಒಂದು ದೊಡ್ಡ ಡ್ರಮ್ಮಿಗೆ ಸುರಿದು, ಚೆನ್ನಾಗಿ ಕಲಸಿದ ಮೇಲೆಯೇ ಎಣಿಕೆ. ಯಾವ ಊರು ಯಾರಿಗೆ ಮುದ್ರೆ ಒತ್ತಿತೆಂಬುದು ಗೆದ್ದವನಿಗೂ ತಿಳಿಯಬಾರದು, ಸೋತವನಿಗೂ ತಿಳಿಯಬಾರದು ಎಂಬುದು ಅದರ ಉದ್ದೇಶ. ಆ ಕಲಸುವ ಕೆಲಸ ಅಂಬ್ರಪ್ಪನವರದು. ಭುಜದವರೆಗೆ ಕೈ ಇಳಿಸಿ, ಕಣ್ಣು ಅರೆಮುಚ್ಚಿ, ಅವರು ತಿರುವುತ್ತಿದ್ದ ಶ್ರದ್ಧೆಯನ್ನು ಕಂಡು ನಮಗೆ ನಗೆ ಬರುತ್ತಿತ್ತು. ಅಧಿಕಾರಿಯೊಬ್ಬರು ಸಾಕು ಬಿಡಯ್ಯಾ ಎಂದು ರೇಗಿದಾಗ ಅಂಬ್ರಪ್ಪನವರು ಡ್ರಮ್ಮಿನೊಳಗಿಂದಲೇ ಉತ್ತರ ಕೊಟ್ಟರು.

"ಇನ್ನೊಂದ್ ಸಲ ತಿರುವ್ತೀನ್ರಿ ಸಾಹೇಬ್ರ. ತಳದಾಗ ನಮ್ಮೂರವು ಹಂಗಽ ಕುಂತಾವ."

ಅವರ ಊರು ಬಿಳಿಗುಂಡ, ಶಹಾಪುರಕ್ಕೂ ಸುರಪುರಕ್ಕೂ ನಡುವೆ ಬಸ್ಸು ನಿಂತರೆ ನಿಂತಿತು ಇಲ್ಲವಾದರೆ ಇಲ್ಲ ಎನ್ನುವಂಥ ಊರು. ಊರಿಗೆ ಹೊರತಾಗಿ ಅವರ ಕೇರಿ. ಬುದ್ಧವಿಹಾರ, ಅದರ ಪಕ್ಕ ಒಂದು ಅಂಗನವಾಡಿ, ತೊಂಬತ್ತು ಮನೆ. ಅಂಬ್ರಪ್ಪನವರ ಮಗಳು ಪಂಚಶೀಲಾ ಆ ಅಂಗನವಾಡಿಯಲ್ಲೇ ಶಿಕ್ಷಕಿ.

ಆಮೇಲೆ ಯಂತ್ರಗಳು ಬಂದವು. ಮಧ್ಯಾಹ್ನದೊಳಗೆ ಫಲಿತಾಂಶ ಮುಗಿದು ನಾವೆಲ್ಲ ಮನೆಗೆ ಹೋಗಿ ಮಲಗುವಂತಾಯಿತು. ಅಂಬ್ರಪ್ಪನವರ ಕೆಲಸ ಯಂತ್ರ ಹೊರುವುದಕ್ಕೆ, ಚಹಾ ತರುವುದಕ್ಕೆ ಇಳಿಯಿತು. "ಇವನ್ನ ಹ್ಯಾಂಗ ಕಲಸ್ತೀರಿ ಸರ್?" ಎಂದು ಒಮ್ಮೆ ನನ್ನನ್ನು ಕೇಳಿದರು. ಕಲಸುವುದಿಲ್ಲ, ಒಂದೊಂದು ಯಂತ್ರದ ಲೆಕ್ಕ ಬೇರೆಬೇರೆಯಾಗಿ ಬರುತ್ತದೆ, ಆಮೇಲೆ ಕೂಡಿಸುತ್ತಾರೆ ಎಂದೆ. ಅವರು ಹೊತ್ತಿದ್ದ ಯಂತ್ರವನ್ನು ಮೇಜಿನ ಮೇಲಿಟ್ಟು, ಅದಕ್ಕೆ ಅಂಟಿಸಿದ್ದ ಮತಗಟ್ಟೆಯ ಹೆಸರಿನ ಮೇಲೆ ಬೆರಳಾಡಿಸಿದರು. ಕೆಲಸ ಹೋದ ಬೇಸರ ಎಂದು ನಾನು ತಿಳಿದೆ. ನನ್ನ ಬುದ್ಧಿ ಅಷ್ಟೇ.

ಬಿಳಿಗುಂಡದಲ್ಲಿ ಮತದಾನ ಊರೊಳಗಿನ ಶಾಲೆಯಲ್ಲಿ ನಡೆಯುತ್ತಿತ್ತು. ಕೇರಿಯವರು ಅಲ್ಲಿಗೆ ಹೋಗಬೇಕಾದರೆ ಚಾವಡಿ ಕಟ್ಟೆಯ ಮುಂದೆ ಹಾಯಬೇಕು. ಕಟ್ಟೆಯ ಮೇಲೆ ಕುಳಿತವರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಿದ್ದರು, ನಗುತ್ತಿದ್ದರು, ಸಾಲಿನಲ್ಲಿ ಹಿಂದೆ ತಳ್ಳಿಸುತ್ತಿದ್ದರು. ಕೇರಿಯ ಹಿರಿಯಳು ಕರೆಮ್ಮ ಒಂದು ಚುನಾವಣೆಯಲ್ಲಿ ಬೆಳಗಿನಿಂದ ಬಿಸಿಲೇರುವವರೆಗೆ ನಿಂತು ಓಟು ಹಾಕದೇ ಮರಳಿ ಬಂದಳು. ಅಂದು ಅಂಬ್ರಪ್ಪನವರು ಕೇರಿಗೆ ತನ್ನದೇ ಮತಗಟ್ಟೆ ತರುತ್ತೇನೆಂದು ಹಟ ತೊಟ್ಟರು. ಅರ್ಜಿ ಬರೆದುಕೊಟ್ಟವನು ನಾನೇ. ಒಳ್ಳೆಯ ಕನ್ನಡದಲ್ಲಿ, ಸಮಾನತೆ, ಸ್ವಾಭಿಮಾನ, ನಿರ್ಭೀತ ಮತದಾನ ಎಂದೆಲ್ಲ ಬರೆದೆ. ಅವರು ಅದನ್ನು ಹಿಡಿದು ಮೂರು ವರ್ಷ ಕಚೇರಿಗಳ ಗೋಡೆ ಸವರಿಕೊಂಡು ನಡೆದರು. ಕೊನೆಗೆ ಅಂಗನವಾಡಿಯಲ್ಲಿ ಮತಗಟ್ಟೆ ಮಂಜೂರಾಯಿತು.

ಆ ದಿನ ಕೇರಿ ಮದುವೆ ಮನೆಯಂತಿತ್ತು. ಬಿಳಿ ಸೀರೆಯುಟ್ಟ ಕರೆಮ್ಮ ಎಲ್ಲರಿಗಿಂತ ಮೊದಲು ನಿಂತಿದ್ದಳು. ಯಾರೂ ಹೆಸರು ಹಿಡಿದು ಕೂಗಲಿಲ್ಲ, ಯಾರೂ ಹಿಂದೆ ಸರಿ ಎನ್ನಲಿಲ್ಲ. ನಾನೂ ಹೋಗಿದ್ದೆ, ಹುಗ್ಗಿ ಉಂಡು ಬಂದೆ. ನಾವಿಬ್ಬರೂ ಮಾಡಿದ ತಪ್ಪು ಆ ಹೊತ್ತಿಗೆ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ತಿಂಗಳ ಮೇಲೆ ಬಿಳಿಗುಂಡದ ಮುಖಂಡನೊಬ್ಬ, ಗೆದ್ದ ಕಡೆಯವನು, ಮಡಚಿದ ಕಾಗದ ಹಿಡಿದು ಕೇರಿಗೆ ಬಂದ. ಮತಗಟ್ಟೆವಾರು ಪಟ್ಟಿ. ಅದೇನು ಗುಟ್ಟಿನದಲ್ಲ, ಯಾರು ಬೇಕಾದರೂ ತೆಗೆಸಿಕೊಳ್ಳಬಹುದು. ಕೇರಿಯ ಯಂತ್ರದಲ್ಲಿ ಮುನ್ನೂರಾ ಆರು ಮತ, ಅದರಲ್ಲಿ ಅವನ ಕಡೆಗೆ ನಾಲ್ಕು. ಅವನು ಬೈಯಲಿಲ್ಲ. "ನಾಕು ಬಂದಾವ. ಛಲೋ ಆತು, ನಮಗೂ ಗೊತ್ತಾತು" ಎಂದು ಕಾಗದವನ್ನು ಮೊದಲಿನಂತೆಯೇ ಮಡಚಿಟ್ಟುಕೊಂಡು ಹೋದ. ಆ ವರ್ಷ ಊರಿಗೆ ಬಂದ ಕುಡಿಯುವ ನೀರಿನ ಪೈಪು ಊರಿನ ಕೊನೆಯ ಮನೆಯವರೆಗೆ ಬಂದು ನಿಂತಿತು. ಕೇರಿಗೆ ಮುಂದಿನ ಹಂತದಲ್ಲಿ ಎಂದರು. ಕಾಗದಪತ್ರಗಳಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ಕೇರಿಯ ಹೆಣ್ಣುಮಕ್ಕಳು ಇವತ್ತಿಗೂ ಹಳ್ಳದಾಚೆಯ ಬೋರಿನಿಂದ ನೀರು ಹೊರುತ್ತಾರೆ.

ಅಂಬ್ರಪ್ಪನವರು ಇದ್ದಕ್ಕಿದ್ದಂತೆ ಮುದುಕರಾದದ್ದು ಆಗ. ನಿವೃತ್ತಿಯಾದ ವಾರದಲ್ಲೇ ನನ್ನ ಮನೆಗೆ ಬಂದು ಬಾಗಿಲಲ್ಲೇ ನಿಂತರು.

"ಸರ್, ಇನ್ನೊಂದು ಅರ್ಜಿ ಬರದು ಕೊಡ್ರಿ. ನಮ್ಮ ಬೂತ್ ತಗದು ಮತ್ತ ಊರಿನ ಬೂತಿಗೆ ಕೂಡಸ್ರಿ ಅಂತ. ಊರಾಗಿನ ಓಟಿನ ಸಂಗಾಟ ನಮ್ಮವೂ ಬಿದ್ರ ಯಾವು ಯಾರವು ಅಂತ ತಿಳಿಯೂದಿಲ್ಲ. ಮುನ್ನೂರ ಮಂದೀನ ನಾನಽ ಒಯ್ದು ಬಯಲಾಗ ನಿಲ್ಲಿಸೀನಿ."

ಕೇರಿಯವರ ಸಹಿ ಬೇಕಾಗುತ್ತದೆಂದು ನಾನು ಬಿಳಿಗುಂಡಕ್ಕೇ ಹೋಗಿ, ಅವರ ಪಡಸಾಲೆಯಲ್ಲಿ ಕುಳಿತು ಬರೆಯತೊಡಗಿದೆ. ಎರಡು ಸಾಲು ಮುಗಿದಿರಬೇಕು, ಪಂಚಶೀಲಾ ಚಹಾದ ಬಟ್ಟಲನ್ನು ಕಾಗದದ ಮೇಲೆಯೇ ಇಟ್ಟಳು.

"ಬರೀಬ್ಯಾಡ್ರಿ ಸರ್. ನೀರು ಹಳ್ಳ ದಾಟಿ ತರಾಕತ್ತೇವಿ, ಇನ್ನಾ ಹತ್ತು ವರ್ಷ ಬೇಕಾದ್ರ ತರ್ತೀವಿ. ಆ ಕಟ್ಟಿ ಮುಂದ ತಲಿ ಬಗ್ಗಿಸಿ ಹೋಗು ಅಂತ ಮಾತ್ರ ಹೇಳಬ್ಯಾಡ್ರಿ."

"ಅದಲ್ಲವ್ವ, ಅವರಿಗೆ ಗೊತ್ತಾಗಾಕತ್ತೈತಿ..." ಎಂದರು ಅಂಬ್ರಪ್ಪನವರು.

"ಆಗ್ಲಿ ಬಿಡಪಾ! ಕಳವು ಮಾಡೀವೇನು ನಾವು?"

ನಾನು ಪೆನ್ನು ಮುಚ್ಚಿದೆ. ತಂದೆಯ ಮಾತೂ ನಿಜ, ಮಗಳ ಮಾತೂ ನಿಜ. ಯಾವುದಾದರೊಂದನ್ನು ಆರಿಸುವ ಹೊಣೆ ನನ್ನ ಮೇಲೆ ಬೀಳಲಿಲ್ಲವಲ್ಲ ಎಂದು ಒಳಗೊಳಗೇ ಸಮಾಧಾನವಾಯಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಕಳೆದ ವಿಧಾನಸಭಾ ಚುನಾವಣೆ ಬಂತು. ಅಷ್ಟರಲ್ಲಿ ಬಾವುಟಗಳು ಅದಲುಬದಲಾಗಿದ್ದವು, ಮುಖಂಡ ಮಾತ್ರ ಯಾವತ್ತಿನಂತೆ ಗೆಲ್ಲುವ ಕಡೆಗೆ ಹೋಗಿ ನಿಂತಿದ್ದ. ಅಂಬ್ರಪ್ಪನವರು ಮಗಳಿಗೆ ತಿಳಿಯದಂತೆ ಒಂದು ಉಪಾಯ ಹೂಡಿದರು. ಕೇರಿಯ ಹಿರಿಯರಲ್ಲಿ ಇಪ್ಪತ್ತೈದು ಮಂದಿಯನ್ನು ಆರಿಸಿ ಮನೆಮನೆಗೆ ಹೋಗಿ ಕೈ ಮುಗಿದರು.

"ಯಂತ್ರ ಕಲಸೂದಿಲ್ಲ ಅಂದ್ರ ನಾವಽ ಕಲಸೂಣು. ನೀವು ಇಪ್ಪತ್ತೈದು ಮಂದಿ ಮುಖಂಡನ ಕಡಿ ಒತ್ರಿ, ನಾನೂ ಒತ್ತತೀನಿ. ಅಷ್ಟರಾಗ ಯಾರೂ ಗೆಲ್ಲೂದಿಲ್ಲ, ಯಾರೂ ಸೋಲೂದಿಲ್ಲ. ಪಟ್ಟ್ಯಾಗ ಇಪ್ಪತ್ತಾರು ಕಾಣ್ಲಿ. ಯಾರ್ಯಾರು ಅಂತ ಅವಂಗ ತಿಳೀಲಿಲ್ಲ ಅಂದ್ರ ಯಾರ ನೀರು ನಿಲ್ಲಸ್ತಾನ?"

ಇಪ್ಪತ್ತೈದು ಮಂದಿಯೂ ತಲೆಯಾಡಿಸಿದರು. ಅಂಬ್ರಪ್ಪನವರಿಗೆ ಇಲ್ಲವೆನ್ನುವವರು ಆ ಕೇರಿಯಲ್ಲಿ ಇರಲಿಲ್ಲ.

ಮತಗಟ್ಟೆವಾರು ಪಟ್ಟಿ ಬಂದಾಗ ನಾನು ಅವರ ಜೊತೆಗಿದ್ದೆ. ಶಹಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಶಹಬಾಜನೆಂಬವನ ಕಂಪ್ಯೂಟರ್ ಅಂಗಡಿ. ಅವನು ತೆಗೆದುಕೊಟ್ಟ ಹಾಳೆಯ ಮೇಲೆ ಅಂಬ್ರಪ್ಪನವರು ಬೆರಳಿಟ್ಟು ಸಾಲು ಹುಡುಕಿದರು. ಕೇರಿಯಲ್ಲಿ ಬಿದ್ದ ಮತ ಮುನ್ನೂರಾ ಮೂವತ್ತೊಂದು. ಮುಖಂಡನ ಕಡೆಗೆ ಒಂದು.

"ಇಲ್ಲಿ ಇನ್ನೊಂದು ಅಂಕಿ ಅಚ್ಚಾಗಿಲ್ಲೇನಪಾ?" ಎಂದು ಕೇಳಿದರು.

ಶಹಬಾಜ ಪರದೆ ನೋಡಿ ಹೇಳಿದ, "ಇಲ್ಲ ಕಾಕಾ. ಒಂದಽ ಐತಿ."

ಅವರು ಹಾಳೆಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು. ಅವರು ಮನೆಮನೆಗೆ ಹೋಗಿ ಕೈ ಮುಗಿದ ಸುದ್ದಿ ಅಷ್ಟರಲ್ಲಿ ಚಾವಡಿ ಕಟ್ಟೆಗೂ ಮುಟ್ಟಿತ್ತು, ಆ ಒಂದು ಯಾರದೆಂದು ಯಾರೂ ಕೇಳಬೇಕಾಗಿರಲಿಲ್ಲ. ಸಾವಿರಾರು ಮಂದಿ ಯಾರಿಗೆ ಹಾಕಿದರೆಂದು ಯಾರಿಗೂ ತಿಳಿಯದಂತೆ ಕಲಸಿದ ಮನುಷ್ಯನ ಓಟು ಇಡೀ ಊರಿಗೆ ಬಯಲಾಗಿತ್ತು. ನನಗೆ ಅವರ ಮುಖ ನೋಡಲಾಗಲಿಲ್ಲ.

ಕರೆಮ್ಮ ತಾನಾಗಿ ಬಂದು ಅವರ ಕಾಲ ಬಳಿ ಕುಳಿತು ಒಪ್ಪಿಕೊಂಡಳಂತೆ. "ಬಟನ್ ತನಕ ಬೆರಳು ಒಯ್ದೆ ಅಂಬ್ರಪ್ಪ, ಆ ಕಡಿ ಹೋಗಲಿಲ್ಲ. ನನ್ನ ಹತ್ರ ಇರೂದಽ ಒಂದು ಓಟು, ಅದನ್ನೂ ಸುಳ್ಳು ಹಾಕಲೇನು? ಉಳದವರು ಹಾಕತಾರ ಬಿಡು ಅಂದ್ಕೊಂಡೆ." ಉಳಿದವರೂ ಹಾಗೆಯೇ ಅಂದುಕೊಂಡಿದ್ದರು. ಪಂಚಶೀಲಾ ಎರಡು ದಿನ ತಂದೆಯೊಡನೆ ಮಾತು ಬಿಟ್ಟಳು.

ಕೆಲವು ವಾರಗಳ ಮೇಲೆ ಇಬ್ಬರು ಕೆಲಸಗಾರರು ಗುದ್ದಲಿ, ಪೈಪು ಹೊತ್ತು ಊರಿನ ಕೊನೆಯ ಮನೆಯಿಂದ ಕೇರಿಯ ಕಡೆಗೆ ನೆಲ ಅಗೆಯುತ್ತ ಬಂದರು. ಕೇರಿಯೆಲ್ಲ ಹೊರಗೆ ಬಂದು ನಿಂತಿತು. ಅಂಬ್ರಪ್ಪನವರು ಕೋಟು ಹಾಕಿಕೊಂಡೇ ಹೋಗಿ ವಿಚಾರಿಸಿದರು.

"ಎಷ್ಟು ಮನಿಗ್ರಿ ಇದು?"

"ಒಂದಽ ಮನಿಗಿ. ಅಂಬ್ರಪ್ಪ ಅನ್ನೋರ ಮನಿಗಿ ಅಂತ ಹೇಳ್ಯಾರ."

ಅಂಬ್ರಪ್ಪನವರು ಆ ತಗ್ಗಿನ ಅಂಚಿನಲ್ಲಿ ಕುಳಿತುಬಿಟ್ಟರಂತೆ. ಆಮೇಲೆ ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ಹೇಳಿ, ತಾವೇ ಕೈಯಿಂದ ಮಣ್ಣು ಎಳೆದು ತಗ್ಗು ಮುಚ್ಚತೊಡಗಿದರು. ಕೆಲಸಗಾರರು ಸ್ವಲ್ಪ ಹೊತ್ತು ನೋಡಿ, ಪೈಪು ಹೊತ್ತು ಮರಳಿದರು. ಕರೆಮ್ಮನಿಗೆ ಸಿಟ್ಟು ತಡೆಯಲಿಲ್ಲ.

"ಹುಚ್ಚ ಅದೀಯೇನು? ನಿನ್ನ ಅಂಗಳಕ್ಕ ನೀರು ಬಂದಿದ್ರ ಕೇರಿಯೆಲ್ಲಾ ತುಂಬಕೋತಿದ್ದಿವಿ."

"ಹೌದವ್ವ," ಎಂದರಂತೆ ಅಂಬ್ರಪ್ಪ, "ಆದ್ರ ಅದು ನನ್ನ ನಳ ಆಗ್ತಿತ್ತು."

ಮೊನ್ನೆ ನಾನು ಹೋದಾಗ ಅವರ ಕೈಯ ಉಗುರುಗಳ ಸಂದಿಯಲ್ಲಿ ಎರೆಮಣ್ಣು ಹಾಗೇ ಇತ್ತು. ಈಗ ಅವರೂ ನಸುಕಿನಲ್ಲಿ ಹೆಣ್ಣುಮಕ್ಕಳ ಹಿಂದೆ ಹಳ್ಳ ದಾಟಿ ಒಂದು ಕೊಡ ನೀರು ತರುತ್ತಾರೆ. ಮೊಣಕಾಲು ಕೇಳುವುದಿಲ್ಲ, ಅರ್ಧ ದಾರಿಗೆ ಕೊಡ ಇಳಿಸಿ ಕೂರುತ್ತಾರೆ. ಮಗಳು ಬೇಡವೆಂದರೂ ಬಿಡುವುದಿಲ್ಲ. "ಬೂತ್ ತಂದಾಂವ ನಾನಽ ಅಲ್ಲೇನ್ರಿ ಸರ್" ಎಂದರು. ಅರ್ಜಿ ಬರೆದವನು ನಾನೆಂದು ಅವರು ನೆನಪಿಸಲಿಲ್ಲ, ನಾನೂ ಹೇಳಲಿಲ್ಲ.

ಕ್ಷೇತ್ರವೊಂದರ ಮತಚರಿತ್ರೆಯನ್ನು ನಾವು ಗೆದ್ದವರ, ಸೋತವರ ಹೆಸರು ಹಿಡಿದು ಬರೆಯುತ್ತೇವೆ. ಆ ಮತಗಳನ್ನು ಹೊತ್ತವರು, ಕಾದವರು, ಕಲಸಿದವರು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಇಂಥವರು ಕಾನೂನನ್ನು ಓದಿದವರಲ್ಲ, ಆದರೆ ಬರೆದವರಿಗಿಂತ ಹೆಚ್ಚು ಅದನ್ನು ನಂಬಿದವರು. ನಂಬಿದ್ದು ಕೈಕೊಟ್ಟಾಗ ಪಟ್ಟಿ ಅಚ್ಚು ಹಾಕಿದವರು ನಿಯಮ ತೋರಿಸುತ್ತಾರೆ, ನೀರು ನಿಲ್ಲಿಸಿದವರು ಹಂತ ತೋರಿಸುತ್ತಾರೆ, ಅರ್ಜಿ ಬರೆದ ನನ್ನಂಥವರು ಪೆನ್ನು ಮುಚ್ಚಿ ಮನೆಗೆ ಹೋಗುತ್ತೇವೆ. ತಪ್ಪು ನನ್ನದೆಂದು ಹೇಳುವುದಕ್ಕೆ ಕೊನೆಗೆ ಉಳಿಯುವವರು, ಎಲ್ಲರಿಗಿಂತ ಕಡಿಮೆ ತಪ್ಪು ಮಾಡಿದ ಅಂಬ್ರಪ್ಪನಂಥವರು ಮಾತ್ರ.