ಪರಸವ್ವ ಹೆಸರಿನ ಐರಿಸ್

ನಾನು ಬೆಳೆಸಿದ ಹೂವಿಗೆ ನನ್ನವ್ವನ ಹೆಸರಿಡಲು ಯಾರ ಅಪ್ಪಣೆ ಬೇಕು, ಹೇಳಿ? ಸುಭಾಷ ಸಾಹೇಬರದು ಬೇಕಂತೆ. ಹಡೆಯುವವಳು ಒಬ್ಬಳು, ಹೆಸರಿಡುವವರು ಇನ್ನೊಬ್ಬರು! ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೊದಲಿನಿಂದ ಹೇಳುತ್ತೇನೆ. ನಾನು ಆಮ್ರಪಾಲಿ, ಊರು ತಿಕೋಟಾ. ಸುಭಾಷ ಸಾಹೇಬರದು ಬಬಲೇಶ್ವರದಲ್ಲಿ ನರ್ಸರಿ, ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಅದರ ಅಂಗಡಿ. ಆ ಅಂಗಡಿಯಲ್ಲಿ ನಾನು ಎಂಟು ವರ್ಷ ದುಡಿದೆ. ಒಮ್ಮೆ ಅವರು ಪರದೇಶದಿಂದ ಐರಿಸ್ ಗಡ್ಡೆ ತರಿಸಿದರು. ಬಲು ಅಪರೂಪದ ಎರಡು ಜಾತಿ, ಹೂವಿನ ಹುಚ್ಚಿನವರು ಊರೂರು ಹುಡುಕುವಂಥವು. ನೋಡಲು ಬಳ್ಳೊಳ್ಳಿಯಷ್ಟೇ, ಮೇಲೆ ಬಲೆಯಂಥ ಸಿಪ್ಪೆ. ಸಾಹೇಬರು ಅವನ್ನು ಗುಲಾಬಿಯ ಪಕ್ಕದಲ್ಲಿಟ್ಟು ದಿನಾ ನೀರು ಹಾಕಿಸಿದರು. ಬೇಡ ಅಂದರೆ ಕೇಳಬೇಕಲ್ಲ! ಅರ್ಧ ಕೊಳೆತವು, ಉಳಿದವು ಎರಡು ವರ್ಷ ಬರೀ ಎಲೆ ಬಿಟ್ಟವು.

"ತಿಪ್ಪಿಗೆ ಒಗಿ ಇವನ್ನ," ಅಂದರು.

"ನಾ ಒಯ್ಯಲೇನ್ರಿ?"

"ಒಯ್ಯಿ, ಒಯ್ಯಿ. ಅವ್ವಾ ಮಗಳು ಚಟ್ನಿ ಕುಟ್ಕೊಂಡ್ ತಿನ್ರಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕು ಗಡ್ಡೆಗಳನ್ನು ಓಢಣಿಯ ತುದಿಗೆ ಕಟ್ಟಿಕೊಂಡು ತಿಕೋಟಾ ಬಸ್ ಹತ್ತಿದೆ.

ಆ ಗಡ್ಡೆಗಳ ತವರು ಹಿಮ ಬೀಳುವ ಗುಡ್ಡಗಳೆಂದು ಅವು ಬಂದ ಡಬ್ಬಿಯ ಮೇಲೆ ಓದಿದ್ದೆ. ಬೇಸಿಗೆಯಲ್ಲಿ ಒಣ ಮಣ್ಣು, ಆಮೇಲೆ ಮೂರು ತಿಂಗಳು ಕೊರೆಯುವ ಚಳಿ, ಆಗಲೇ ಹೂವು. ಬೇಸಿಗೆಯ ಚಿಂತೆ ನಮಗಿಲ್ಲ, ನಮ್ಮ ಬಿಸಿಲಿಗೆ ಕಲ್ಲೂ ಒಣಗುತ್ತದೆ. ಚಳಿಯನ್ನು ಎಲ್ಲಿಂದ ತರುವುದು? ದಾರಿ ತೋರಿಸಿದ್ದು ಅವ್ವ. ನನ್ನವ್ವ ಪರಸವ್ವ ಇಪ್ಪತ್ತು ವರ್ಷದಿಂದ ತಿಕೋಟಾದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಒಣದ್ರಾಕ್ಷಿ, ನಮ್ಮ ಮಾತಿನಲ್ಲಿ ಮಣೂಕ, ಆರಿಸುತ್ತಾಳೆ.

"ಮಣೂಕ ಇಡೂ ಖೋಲ್ಯಾಗ ಬ್ಯಾಸಗ್ಯಾಗೂ ಹಲ್ಲ ಕಟಕಟ ಅಂತಾವ. ಅಲ್ಲೇ ಒಂದ ಮೂಲ್ಯಾಗ ಇಡೂಣಲ್ಲ," ಅಂದಳು.

ಮಾಲೀಕರನ್ನು ಕೇಳಿ, ಒಣದ್ರಾಕ್ಷಿಯ ಖಾಲಿ ಬಾಕ್ಸಿನಲ್ಲಿ ಗಡ್ಡೆ ತುಂಬಿ ಸೆಪ್ಟೆಂಬರಿನಲ್ಲಿ ಇಟ್ಟೆವು. ಡಿಸೆಂಬರಿನಲ್ಲಿ ತಂದು ಕುಂಡಕ್ಕೆ ಹಾಕಿದೆ. ಜನವರಿಯಲ್ಲಿ ಎರಡು ಹೂ ಬಂದವು! ಒಂದು ಅಗಸೆ ಹೂವಿನ ನೀಲಿ, ಇನ್ನೊಂದು ಅಚ್ಚ ಹಳದಿ. ನಾನು ಕಡ್ಡಿಯ ತುದಿಯಿಂದ ಹಳದಿಯ ಪರಾಗ ತೆಗೆದು ನೀಲಿಗೆ ಸವರಿದೆ.

"ಇದೇನ ಮದಿವಿ ಮಾಡಾಕತ್ತೀಯೇನ?" ಅಂದಳು ಅವ್ವ.

"ಹೂಂ ಬೇ. ಖರ್ಚಿಲ್ಲದ ಮದಿವಿ."

ಬೀಜವಾಯಿತು, ಮೊಳಕೆಯಾಯಿತು. ಹೂವಿಗೆ ಮಾತ್ರ ಐದು ವರ್ಷ ಕಾದೆವು, ಪ್ರತಿ ವರ್ಷ ಅದೇ ಬಾಕ್ಸು, ಅದೇ ಮೂಲೆ. ಆ ನಡುವೆ ಅಂಗಡಿ ಬಿಟ್ಟು ಮನೆಯ ಹಿಂದೆ ಸಣ್ಣ ನರ್ಸರಿ ಮಾಡಿಕೊಂಡೆ. ಹೋದ ವರ್ಷದ ಜನವರಿಯಲ್ಲಿ ಕೊನೆಗೂ ಒಂದು ಸಸಿ ಕಣ್ಣು ಬಿಟ್ಟಿತು. ಸೀತನಿಯ ಎಳೆಜೋಳದ ಹಸಿರು ಬಣ್ಣ, ಅದರ ಮೇಲೆ ನೀಲಿ ನರಗಳು, ನಡುವೆ ಅರಿಶಿನದ ಬೊಟ್ಟು. ಅಂಗೈಯಷ್ಟೂ ಇರಲಿಲ್ಲ.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರ. ಆದ್ರ ಇದು ಹೆಗ್ಗಣ ಅಲ್ಲ ಬಿಡು," ಅಂದಳು ಅವ್ವ.

ಪುಣೆಯಲ್ಲಿ ಗಡ್ಡೆಹೂಗಳ ಸಂಗ್ರಾಹಕರದೊಂದು ಸಂಘವಿದೆ. ಫೋಟೊ ಕಳಿಸಿದೆ. ಇಂಥ ಮಿಶ್ರತಳಿ ತಮ್ಮ ಪಟ್ಟಿಯಲ್ಲಿಲ್ಲ, ಮುಂದಿನ ಜನವರಿಯಲ್ಲೂ ಅರಳಿದರೆ ಸೇರಿಸುತ್ತೇವೆ, ಬೆಳೆಸಿದವರೇ ಹೆಸರಿಡಬೇಕು ಎಂದು ಬರೆದರು. ನಾನು 'ಪರಸವ್ವ' ಎಂದು ಬರೆದೆ.

ಸುದ್ದಿ ಸಾಹೇಬರ ಕಿವಿಗೆ ಬಿತ್ತು. ಆಗಸ್ಟಿನಲ್ಲಿ ಮನೆಗೇ ಬಂದರು.

"ಗಡ್ಡಿ ನಂದು. ಹೆಸರು 'ಸುಭಾಷ ಸುಂದರಿ' ಅಂತ ಬರಿ."

"ಗಡ್ಡಿ ನಿಮ್ದ ಇತ್ತು, ಖರೆ. ನೀವು ಒಗದಿದ್ರಲ್ರಿ."

"ಪರಸವ್ವ ಅಂತ ಇಟ್ರ ಪುಣೇದಾಗ ಮಂದಿ ನಗ್ತಾರ. ಹೆಸರಿಗೂ ಒಂದು ಮನೆತನ ಬೇಕಾಗ್ತೈತಿ."

ಅವ್ವ ಅವರಿಗೆಂದು ಚಹಾ ತಂದು ಬಾಗಿಲಲ್ಲೇ ನಿಂತಿದ್ದಳು. ಕೊಡಲಿಲ್ಲ. ಅವರನ್ನೇ ನೋಡುತ್ತ ತಾನೇ ಕುಡಿದಳು.

ಸಾಹೇಬರು ಎದ್ದರು. "ಕೋಲ್ಡ್ ಸ್ಟೋರೇಜ್ ನಮ್ಮ ಬೀಗರದು. ನೆನಪಿರ್ಲಿ. ಹೆಸರು ಬದಲ ಮಾಡಿದ್ರ ಚಳಿ ಸಿಗ್ತೈತಿ, ಇಲ್ಲಾಂದ್ರ ಇಲ್ಲ."

ನಾನು ಹೆಸರು ಬದಲಿಸಲಿಲ್ಲ. ಸೆಪ್ಟೆಂಬರಿನಲ್ಲಿ ಎಂದಿನಂತೆ ಬಾಕ್ಸ್ ಇಟ್ಟು ಬಂದೆವು. ಹದಿನೈದು ದಿನವೂ ಆಗಿರಲಿಲ್ಲ, ಅವ್ವ ಕೆಲಸಕ್ಕೆ ಹೋದಾಗ ಅದು ಗೇಟಿನ ಹೊರಗೆ ಉರಿಬಿಸಿಲಿನಲ್ಲಿ ಬಿದ್ದಿತ್ತು. ಹೂ ಬಿಟ್ಟ ಗಡ್ಡೆ ಒಡೆದು ಮರಿಯಾಗಿ, ಹೊಸ ತಳಿಯವು ಒಟ್ಟು ಐದೇ ಗಡ್ಡೆ. ಅವನ್ನು ಉಡಿಯಲ್ಲಿ ಹಾಕಿಕೊಂಡು ಮನೆಗೆ ಬಂದಳು. ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ. ಸುಳ್ಳೇಕೆ ಹೇಳಲಿ, ನನ್ನ ಎದೆ ಒಡೆಯಿತು.

"ಹೋಗ್ಲಿ ಬಿಡು ಬೇ, ಆ ಸುಂದರೀನ ಬರದ ಕೊಡ್ತೇನಿ. ಹೂವರ ಉಳೀತೈತಿ," ಅಂದೆ.

"ಕೊಟ್ಟಗಿಟ್ಟಿ, ನೋಡ ಮತ್ತ!" ಅಂದಳು ಅವ್ವ. "ಇಪ್ಪತ್ತ ವರ್ಷ ಅಲ್ಲಿ ದುಡದೇನಿ. ನನ್ನ ಹೆಸರ ಹಿಡದ ಒಬ್ಬರರ ಕರದಾರೇನು? 'ಏ ಇಕೀನ', 'ಏ ಮಣೂಕದಾಕಿ'. ಒಂದ ಹೂವರ ನನ್ನ ಹೆಸರಲೆ ಇರ್ಲಿ. ಹೂ ಬರದಿದ್ರ ಬ್ಯಾಡ, ಆ ಸುಂದರಿ ಹೆಸರು ಮಾತ್ರ ಬ್ಯಾಡ."

ಪಕ್ಕದ ಮನೆಯ ಮುದುಕವ್ವ ಗೋಡೆಯ ಮೇಲಿಂದ ತಲೆ ಹಾಕಿದಳು. ಅವ್ವನ ಜೊತೆಯೇ ದ್ರಾಕ್ಷಿ ಆರಿಸುವವಳು. ನಲ್ಲಿ ನೀರಿಗೆ ನಮ್ಮೊಡನೆ ಅವಳು ಜಗಳವಾಡದ ದಿನವಿಲ್ಲ.

"ಯಾಕ ಬೊಬ್ಬಿ ಹೊಡೀತೀರಿ? ನಮ್ಮನ್ಯಾಗ ಫ್ರಿಜ್ ಐತಿ. ಅದು ಯಾವ ಸಾಹೇಬನ ಬೀಗರದೂ ಅಲ್ಲ. ತರ್ರಿ ಇಲ್ಲೆ."

ಅವಳೇ ಓಣಿ ತಿರುಗಿ ಇನ್ನೂ ನಾಲ್ಕು ಮನೆ ಒಪ್ಪಿಸಿದಳು. ನಮ್ಮ ಮನೆಯ ನೀರು ಕುಡಿಯಲು ಹಿಂದೆ ಮುಂದೆ ನೋಡುವ ಮನೆಯೂ ಅದರಲ್ಲೊಂದಿತ್ತು. ಐದು ಫ್ರಿಜ್ಜುಗಳಲ್ಲಿ ಒಂದೊಂದು ಗಡ್ಡೆ, ಕಾಗದದ ಪುಡಿಕೆಯಲ್ಲಿ. ಒಂದು ಹಸಿ ಕೊತ್ತಂಬರಿಯ ಪಕ್ಕದಲ್ಲಿ ಕೊಳೆಯಿತು. ಇನ್ನೊಂದನ್ನು ಮುದುಕವ್ವನ ಸೊಸೆ ಬಳ್ಳೊಳ್ಳಿಯೆಂದೇ ತಿಳಿದು ಜಜ್ಜಿಬಿಟ್ಟಳು. ಮುದುಕವ್ವ ಒಗ್ಗರಣೆಯ ಸೌಟನ್ನೇ ಕಸಿದುಕೊಂಡಳಂತೆ. ಡಿಸೆಂಬರಿನ ಕೊನೆಗೆ ನನ್ನ ಕುಂಡಕ್ಕೆ ಬಂದದ್ದು ಮೂರು. ಎರಡು ಬರೀ ಎಲೆ ಬಿಟ್ಟವು. ಮೂರನೆಯದರ ಎಲೆಯ ನಡುವೆ ಜನವರಿಯ ಕೊನೆಯ ವಾರ ಮೊಗ್ಗು ಕಂಡಿತು. ಅವ್ವ ಕೆಲಸಕ್ಕೆ ರಜೆ ಹಾಕಿ ಅದರ ಮುಂದೆಯೇ ಕೂತಳು.

ಅದು ಅರಳಿದ ದಿನವೇ ಸಾಹೇಬರ ಕಾರು ಬಂತು. ನಾನು ಬೆಳಿಗ್ಗೆಯೇ ಪುಣೆಗೆ ಫೋಟೊ ಕಳಿಸಿದ್ದೆ. ಅವರಿಗೆ ಅದೇನೂ ಗೊತ್ತಿಲ್ಲ. ಕೈಯಲ್ಲಿ ಬರೆದು ತಂದ ಕಾಗದ, ಮುಖದಲ್ಲಿ ನಗು.

"ಏನಾತು ಪರಸವ್ವಾ, ಗಡ್ಡಿ ಸತ್ತುವೇನು? ಇರ್ಲಿ. ಮಗಳಿಗೆ ಹೇಳು, ಇಲ್ಲಿ ಸಹಿ ಮಾಡ್ಲಿ. ಮುಂದಿನ ವರ್ಷ ಜಾಗಾ ಕೊಡಸ್ತೇನಿ."

ಅಷ್ಟು ವರ್ಷಗಳಲ್ಲಿ ಅವರು ಅವ್ವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವ್ವ ಒಳಗೆ ಹೋಗಿ ಕುಂಡವನ್ನು ತಂದು ಅವರ ಕಾರಿನ ಮೇಲೇ ಇಟ್ಟಳು. ಮಣ್ಣಿನಲ್ಲಿ ಸಿಕ್ಕಿಸಿದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಸೊಟ್ಟಂಬಟ್ಟ ಅಕ್ಷರದಲ್ಲಿ 'ಪರಸವ್ವ' ಎಂದಿತ್ತು. ಅವಳಿಗೆ ಬರೆಯಲು ಬರುವುದು ಅದೊಂದೇ ಹೆಸರು.

"ಚಟ್ನಿ ಕುಟ್ರಿ ಅಂದಿದ್ರೆಲ್ರಿ ಸಾಹೇಬ್ರ," ಅಂದಳು ಅವ್ವ. "ಕುಟ್ಟೇವ್ರಿ. ನೋಡ್ರಿ, ಹೆಂಗ ಆಗೇತಿ."