ಎರಡು ಬೆರಳು ಉದ್ದ

ಕುದುರೆಗಳು ಮೊಣಕಾಲುದ್ದದ ಹುಲ್ಲು ಮೇಯುತ್ತಿದ್ದ ಸೀಮೆಯಲ್ಲಿ, ಊರ ಕೆರೆಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ಒಬ್ಬ ರಾಜನಿದ್ದ. ಅವನಿಗೊಬ್ಬಳೇ ಮಗಳು. ಕೆರೆಯ ಸುತ್ತ ಕುದುರೆ ಓಡಿಸುವ ಪಂದ್ಯಕ್ಕೆ ತಾನೂ ಹೋಗುತ್ತೇನೆಂದು ಅವಳು ಹಟ ಹಿಡಿದಾಗ ರಾಜ ತನ್ನ ತಂದೆ ಕೂರುತ್ತಿದ್ದ ಜೀನನ್ನೇ ಹೊರಗೆ ತೆಗೆಸಿದ. ಅದಕ್ಕೆ ರೇಷ್ಮೆ ಹೊದಿಸಿದ. ಕುದುರೆಯ ಕೊರಳಿಗೆ ಬೆಳ್ಳಿ ಗೆಜ್ಜೆ ಕಟ್ಟಿಸಿದ. ಎಲ್ಲ ಸರಿ, ಆದರೆ ರಾಜಕುಮಾರಿ ಹತ್ತಿ ಕೂತರೆ ಅವಳ ಪಾದ ಕೆಳಗೆ ತೂಗುತ್ತಿದ್ದ, ಕಾಲೂರುವ ರಿಕಾಪಿಗೆ ಎಟುಕುತ್ತಿರಲಿಲ್ಲ. ರಿಕಾಪಿನ ಪಟ್ಟಿಯನ್ನು ಒಂದಿಷ್ಟು ಗಿಡ್ಡ ಮಾಡಪ್ಪ ಎಂದಳು. ರಾಜ ಮಾರನೆಯ ದಿನ ಇನ್ನೊಂದು ಗೆಜ್ಜೆ ತಂದ.

ಈ ರಾಜ ನಮ್ಮ ಮನೆಯಲ್ಲಿ ಹುಟ್ಟಿದ್ದು ಈ ವರ್ಷ ಯುಗಾದಿ ಕಳೆದ ಮೇಲೆ. ನನ್ನ ಅಜ್ಜಿ ಪುಟ್ಟಗಂಗಮ್ಮ ಹೇಳುವ ಉಳಿದ ಕಥೆಗಳೆಲ್ಲ ನನಗೆ ಬಾಯಿಪಾಠ. ಅವುಗಳ ರಾಕ್ಷಸರು ಎಲ್ಲಿ ಸೀನುತ್ತಾರೆ ಎಂಬುದೂ ಗೊತ್ತು. ಇದೊಂದು ಮಾತ್ರ ಬೆಳೆಯುತ್ತಿತ್ತು. ಸಂಜೆ ಹೂ ಕಟ್ಟುತ್ತ ಶುರು ಮಾಡುತ್ತಿದ್ದಳು. ಪ್ರತಿ ಸಲವೂ ಕುದುರೆಗೆ ಹೊಸದೊಂದು ಒಡವೆ ಸೇರಿರುತ್ತಿತ್ತು, ರಿಕಾಪು ಇದ್ದಲ್ಲೇ ಇರುತ್ತಿತ್ತು. ಮುಂದೇನಾಯಿತು ಎಂದು ಕೇಳಿದರೆ, "ಮುಂದಿಂದು ಆ ರಾಜುಂಗೇ ಗೊತ್ತಿಲ್ಲ, ನಂಗೆಂಗ್ ಗೊತ್ತಾಗ್ಬೇಕು ಬುಡು" ಎಂದು ದಾರವನ್ನು ಹಲ್ಲಿನಲ್ಲಿ ಕಡಿಯುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಅಪ್ಪ ಫೋನಿನೊಳಗೆ ಮುಳುಗಿರುತ್ತಿದ್ದ. ಅವನು ನೋಡುತ್ತಿದ್ದದ್ದು ರೈಫಲ್ಲಿನ ಸಾಮಾನುಗಳನ್ನು.

ರೈಫಲ್ಲು ತಾತ ಚನ್ನಬಸವಯ್ಯನವರದು. ಪಾಯಿಂಟ್ ಟೂ ಟೂ, ಒಂದು ಸಲಕ್ಕೆ ಒಂದೇ ಗುಂಡು ಹಿಡಿಯುವ ಹಳೆಯ ಕಾಲದ್ದು. ತಾತ ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದವರು. ಲಿಂಗ ಕಟ್ಟಿದ ಮೈ, ಜೀವ ಇರುವುದಕ್ಕೆ ಎಂದೂ ಗುರಿ ಇಟ್ಟವರಲ್ಲ. ತೋಟದ ಬದುವಿನ ಮೇಲೆ ಕರಟಗಳನ್ನು ಸಾಲಾಗಿಟ್ಟು ಹೊಡೆಯುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಲೈಸೆನ್ಸು ಅಪ್ಪನ ಹೆಸರಿಗೆ ಬಂತು. ಚುನಾವಣೆ ಬಂದಾಗಲೆಲ್ಲ ರೈಫಲ್ಲು ಠಾಣೆಗೆ ಹೋಗಿ, ಬಾಣಂತನಕ್ಕೆ ತವರಿಗೆ ಹೋದ ಸೊಸೆಯಂತೆ ತಿಂಗಳುಗಟ್ಟಲೆ ಅಲ್ಲೇ ಇದ್ದು, ಮತ್ತೆ ಬೀರು ಸೇರುತ್ತಿತ್ತು. ನಾನು ಕಾಲೇಜಿನ ಎನ್‌ಸಿಸಿಯಲ್ಲಿ ಗುಂಡು ಹಾರಿಸುವುದನ್ನು ಕಲಿತು, ತುಮಕೂರಿನ ರೈಫಲ್ ಕ್ಲಬ್ ಸೇರಿದ ಮೇಲೆ ಲೈಸೆನ್ಸಿನಲ್ಲಿ ನನ್ನ ಹೆಸರೂ ಸೇರಿತು. ಸುಮನಾ ಎಂಬ ಹೆಸರು ಬಂದೂಕಿನ ಲೈಸೆನ್ಸಿನ ಮೇಲೆ ಹೇಗೆ ಕಾಣುತ್ತದೆ ಎಂದು ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿದ್ದಳು.

ಕ್ಲಬ್ಬಿನ ಕೋಚ್ ಮೋಹನ್‌ಕುಮಾರ್ ಸರ್ ತಾತನ ರೈಫಲ್ಲನ್ನು ಹಿಡಿದು ಬೋರಲು ಮಲಗಿದ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ನನ್ನ ಕತ್ತು ಕೆರೆ ದಂಡೆಯ ಕೊಕ್ಕರೆಯ ಹಾಗೆ ಮುಂದಕ್ಕೆ ಚಾಚಿಕೊಂಡಿದೆ ಎಂದರು. ರೈಫಲ್ಲು ನನಗೆ ಎರಡು ಬೆರಳು ಉದ್ದ. ಭುಜಕ್ಕೆ ಒತ್ತುವ ಹಿಂದಿನ ಮರವನ್ನು ಅಷ್ಟು ಕುಯ್ಯಿಸಿದರೆ ಸಾಕು, ಬೇರೆ ಏನೂ ಬೇಡ. ಕತ್ತು ಚಾಚಿದರೆ ಪ್ರತಿ ಗುಂಡಿಗೂ ಕಣ್ಣು ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ. ನನ್ನ ಗುರಿಕಾಗದವೂ ಅದನ್ನೇ ಹೇಳುತ್ತಿತ್ತು, ಯಾರೋ ಮೊರದಿಂದ ರಾಗಿ ಎರಚಿದಂತಿತ್ತು. ಕ್ಲಬ್ಬಿನ ರೈಫಲ್ಲುಗಳು ಇನ್ನೂ ಉದ್ದ, ಸಾಲದ್ದಕ್ಕೆ ಸರದಿ ಕಾಯಬೇಕು. ಹಿಂದಿನ ವರ್ಷ ಜಿಲ್ಲಾ ತಂಡದ ಆಯ್ಕೆಯಲ್ಲಿ, ಆಯ್ಕೆಯಾದ ಕೊನೆಯ ಹುಡುಗಿಯ ಹಿಂದೆಯೇ ನಿಂತು ಹೊರಗುಳಿದಿದ್ದೆ. ಈ ಸಲದ ಆಯ್ಕೆ ದಸರಾ ಮುಗಿದ ಭಾನುವಾರ.

ಯುಗಾದಿಯ ದಿನ ಅಪ್ಪ ನನ್ನ ಬಾಯಿಗೆ ಬೇವುಬೆಲ್ಲ ಹಾಕಿ, ದಸರಾ ಒಳಗೆ ರೈಫಲ್ಲನ್ನು ನನ್ನ ಅಳತೆಗೆ ಮಾಡಿಕೊಡುತ್ತೇನೆಂದು ಮಾತು ಕೊಟ್ಟ. ಮಾತು ಕೊಟ್ಟವನು ಮಂಡಿಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಉದಯಕುಮಾರ್. ಅವನ ತಲೆಯ ಮೇಲೆಯೇ ಗರಗಸಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೂಗುತ್ತಿರುತ್ತವೆ. ಯಾವ ಮರಕ್ಕೆ ಯಾವ ಹಲ್ಲಿನ ಗರಗಸ ಎಂದು ಬಂದವರಿಗೆಲ್ಲ ಪಾಠ ಹೇಳುವವನು. ಹಾಗಾಗಿ ಕೆಲಸ ಆ ಸಂಜೆಯೇ ಮುಗಿಯುತ್ತದೆಂದು ನಾನು ನಂಬಿದೆ.

ಮೊದಲು ಬಂದದ್ದು ದೂರದ ಗುರಿಯನ್ನು ಹತ್ತಿರ ತೋರಿಸುವ ಸ್ಕೋಪು. ಬೆಂಗಳೂರಿಗೆ ಹೋಗಿ, ಮಗುವನ್ನು ಎತ್ತಿಕೊಂಡಂತೆ ಎದೆಗೊತ್ತಿಕೊಂಡು ತಂದ. ನಾನು ಹೋಗುವುದು ಓಪನ್ ಸೈಟ್ ವಿಭಾಗಕ್ಕೆ, ಅಲ್ಲಿ ಕಬ್ಬಿಣದ ಮೊನೆ ಮತ್ತು ಕಿಂಡಿಯಲ್ಲೇ ಗುರಿ ನೋಡಬೇಕು, ಗಾಜು ಇಡುವ ಹಾಗಿಲ್ಲ ಎಂದು ಕೋಚ್ ಹೇಳಿಕಳಿಸಿದರು. ಅಭ್ಯಾಸಕ್ಕಾದರೂ ಇರಲಿ ಎಂದ ಅಪ್ಪ. ಅದು ವಾರದೊಳಗೆ ಅಜ್ಜಿಯ ವಶವಾಯಿತು. ತಾರಸಿಯ ಮೇಲೆ ಕೂತು ದೇವರಾಯನದುರ್ಗದ ಬೆಟ್ಟ ನೋಡುತ್ತೇನೆಂದು ಹೋಗುತ್ತಿದ್ದಳು. ಕೆಳಗೆ ಬಂದು ಹೇಳುತ್ತಿದ್ದದ್ದು ಮಾತ್ರ ಮೂಲೆಮನೆ ಗಂಗಹನುಮಯ್ಯನವರು ಇವತ್ತೂ ಹೆಂಡತಿಗೆ ಗೊತ್ತಾಗದಂತೆ ಬೋಂಡ ತಿಂದರು ಎಂಬ ಸುದ್ದಿ. ಸ್ಕೋಪು ಬಂದ ದಿನದ ಸಂಜೆಯೇ ರಾಜನ ಕುದುರೆಯ ಹಣೆಗೆ ಕನ್ನಡಿ ಬಿತ್ತು.

ಆಮೇಲೆ ರೈಫಲ್ಲಿನ ಮೂತಿಗೆ ಆನಿಕೆ ಕೊಡುವ ಬೈಪಾಡ್ ಬಂತು. ಅಜ್ಜಿ ಅದರ ಕಾಲುಗಳನ್ನು ಬಿಡಿಸಿ, ಮಡಿಸಿ, ಮತ್ತೆ ಬಿಡಿಸಿ, "ಎರಡೇ ಕಾಲಾ? ಇನ್ನೆರಡು ಮುಂದಿನ ತಿಂಗ್ಳು ಬರ್ತವೇನ್ಲಾ ಉದಯ?" ಎಂದು ಕೇಳಿದಳು. ಅದಕ್ಕೂ ಪಂದ್ಯದಲ್ಲಿ ಅನುಮತಿ ಇರಲಿಲ್ಲ. ತೋಳಿಗೆ ಸುತ್ತಿಕೊಳ್ಳುವ ಚರ್ಮದ ಪಟ್ಟಿ ಬಂತು. ಅದು ನಿಜಕ್ಕೂ ಬೇಕಾದದ್ದು, ಒಳ್ಳೆಯದೂ ಆಗಿತ್ತು. ಅಪ್ಪ ಅದೊಂದನ್ನು ತೋರಿಸಿ ಉಳಿದ ಎಲ್ಲವನ್ನೂ ಸಮರ್ಥಿಸಿಕೊಂಡ. ನಳಿಕೆ ಒರೆಸುವ ಹಿತ್ತಾಳೆ ಕಡ್ಡಿ, ಮಖಮಲ್ಲಿನ ಗವಸು, ಗವಸಿಗೊಂದು ಮಳೆ ಗವಸು. ನಾನು ಪ್ರತಿ ಶನಿವಾರ ಮರದ ವಿಷಯ ಎತ್ತುತ್ತಿದ್ದೆ. ಅಪ್ಪ ಪ್ರತಿ ಶನಿವಾರ ಫೋನಿನಲ್ಲಿ ಏನೋ ತೋರಿಸಿ, ಇದರಲ್ಲಿ ಕಪ್ಪು ಬಣ್ಣ ಚೆನ್ನಾಗಿದೆಯೋ ಹಸಿರೋ ಎಂದು ಕೇಳುತ್ತಿದ್ದ. ನಾನೂ ಮರುಳಿ, ಹಸಿರು ಎನ್ನುತ್ತಿದ್ದೆ.

ಗೌರಿಹಬ್ಬದ ಹೊತ್ತಿಗೆ ರಬ್ಬರಿನ ದಿಂಬು ಬಂತು. ರೈಫಲ್ಲಿನ ಹಿಂಭಾಗಕ್ಕೆ ಕಾಲುಚೀಲದ ಹಾಗೆ ತೊಡಿಸುವುದು. ಮಗಳ ಭುಜಕ್ಕೆ ಒದೆ ಬೀಳಬಾರದಂತೆ. ಪಾಯಿಂಟ್ ಟೂ ಟೂ ಒದೆಯುವುದೇ ಇಲ್ಲ. ಅದರ ಪೆಟ್ಟಿಗಿಂತ ಅಜ್ಜಿ ಎಣ್ಣೆ ಹಚ್ಚುವಾಗ ನೆತ್ತಿಗೆ ಬೀಳುವ ಪೆಟ್ಟು ಜೋರು. ನಾನು ಅದನ್ನು ತೊಡಿಸಿ ಚಾಪೆಯ ಮೇಲೆ ಮಲಗಿ ಹಿಡಿದು ನೋಡಿದೆ. ಈಗ ರೈಫಲ್ಲು ಮೂರು ಬೆರಳು ಉದ್ದವಾಗಿತ್ತು.

ಆ ಸಂಜೆ ಅಜ್ಜಿಯ ಕಥೆಯಲ್ಲಿ ರಾಜ ಮಗಳು ಮೆತ್ತಗೆ ಕೂರಲೆಂದು ಜೀನಿನ ಮೇಲೊಂದು ದಪ್ಪ ದಿಂಬು ಇಟ್ಟ. ಅವಳ ಕಾಲು ರಿಕಾಪಿನಿಂದ ಇನ್ನಷ್ಟು ಮೇಲೆ ಹೋಯಿತು. ಹೂವಿನ ಬುಟ್ಟಿಯಿಂದ ತಲೆಯೆತ್ತಿ ಅಪ್ಪನ ಮುಖ ನೋಡಿದೆ. ಅಷ್ಟು ದಿನದ ಕಥೆಯಲ್ಲಿ ಕುದುರೆಯನ್ನು ಮಾತ್ರ ನೋಡುತ್ತಿದ್ದ ನನಗೆ ರಾಜ ಕಂಡದ್ದು ಆಗಲೇ. ಅಪ್ಪನಿಗೂ ಕಂಡಿರಬೇಕು. ಫೋನು ಮಗುಚಿಟ್ಟು ಎದ್ದುಹೋದ.

ನಾನು ಬಿಡಲಿಲ್ಲ. ಹಿಂದೆಯೇ ಹೋಗಿ, ದಿಂಬು ಬೇಡ, ಗವಸೂ ಬೇಡ, ಕೊಟ್ಟ ಮಾತು ಸಾಕು ಎಂದೆ. ಅಪ್ಪ ದಿಂಬನ್ನು ಕಳಚಿ ಜೇಬಿಗೆ ಹಾಕಿಕೊಂಡ. ಮರದ ಹಿಂದಿನ ತುದಿಗೆ ಒಂದು ಹಿತ್ತಾಳೆ ತಗಡು ಕೂರಿಸಿದೆ. ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿದ.

"ನಿಮ್ಮ ತಾತನ ಭುಜ ಒರಗ್ತಿದ್ದ ಜಾಗ ಕಣೇ ಇದು. ಅವರು ಮುಟ್ಟಿದ್ದು ಅಂತ ಇರೋದು ಇದೊಂದೇ. ಇದನ್ನ ಕುಯ್ದು ಕಸಕ್ಕೆ ಹಾಕು ಅಂತೀಯಲ್ಲ."

ಅಷ್ಟು ಸಾಮಾನು ಯಾಕೆ ಬಂತೆಂಬುದು ಅರ್ಥವಾಗಿ, ತಂಡಕ್ಕೆ ಸೇರುವ ಆಸೆಯನ್ನು ಮಡಿಸಿಡಲು ನೋಡಿದೆ. ಅದು ಬೈಪಾಡಿನಂತೆ ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಮರದ ಮಾತು ಎತ್ತುವುದನ್ನು ಬಿಟ್ಟೆ, ಕತ್ತು ಚಾಚಿಕೊಂಡೇ ಅಭ್ಯಾಸಕ್ಕೆ ಹೋದೆ. ಗುರಿಕಾಗದಗಳನ್ನು ಮನೆಗೆ ತರುವುದನ್ನೂ ಬಿಟ್ಟೆ.

ಆಯುಧಪೂಜೆ ಬಂತು. ಬೆಳಿಗ್ಗೆ ಅಂಗಡಿಯಲ್ಲಿ ಗರಗಸ, ಸುತ್ತಿಗೆ, ತಕ್ಕಡಿಗೆಲ್ಲ ಪೂಜೆ ಮುಗಿಸಿ ಬಂದ ಅಪ್ಪ, ಮನೆಯಲ್ಲಿ ರೈಫಲ್ಲಿನ ಗುಂಡು ಸಿಡಿಸುವ ಬೋಲ್ಟು ತೆಗೆದು ಬೀರುವಿನಲ್ಲಿಟ್ಟು, ಉಳಿದದ್ದನ್ನು ದೇವರ ಮುಂದೆ ಮಣೆಯ ಮೇಲೆ ಮಲಗಿಸಿದ. ಅಲಂಕಾರ ಅಜ್ಜಿಯದು. ನಮ್ಮ ಮನೆಯಲ್ಲಿ ಮಿಕ್ಸಿಗೂ ಮೂರು ಬೆರಳ ವಿಭೂತಿ ತಪ್ಪಿದ್ದಿಲ್ಲ. ಈ ಸಲ ಅವಳ ಕೈ ವಿಪರೀತ ಧಾರಾಳವಾಗಿತ್ತು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ತೇಯ್ದು ದೋಸೆ ಹಿಟ್ಟಿನಷ್ಟು ಮಾಡಿಕೊಂಡಿದ್ದಳು. ಗುರಿ ನೋಡುವ ಕಿಂಡಿ ಮುಚ್ಚಿಹೋಯಿತು. ಹಿಂದಿನ ತಗಡಿಗೆ ಎಷ್ಟು ಬಳಿದಳೆಂದರೆ ಅದು ಅಂಚಿನಿಂದ ಇಳಿದು ಸಂದಿಯೊಳಕ್ಕೆ ಹೋಯಿತು. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟುವ ಹಾಗಿಲ್ಲ. ಅಪ್ಪ ದೂರದಿಂದಲೇ ನೋಡಿ ಕೈ ಹಿಸುಕಿಕೊಂಡ.

ವಿಜಯದಶಮಿಯ ಬೆಳಿಗ್ಗೆ ಅವನು ಕಾಫಿಗೂ ಮುಂಚೆ ಹತ್ತಿ, ಎಣ್ಣೆ ಹಿಡಿದು ಕೂತ. ಕಿಂಡಿ ಬೇಗ ಸ್ವಚ್ಛವಾಯಿತು. ತಗಡಿನ ಸಂದಿಯದು ಬರಲಿಲ್ಲ. ನೀರು ಒಳಗೆ ಇಳಿದಿದ್ದರೆ ಸ್ಕ್ರೂ ತುಕ್ಕು ಹಿಡಿಯುತ್ತದೆ, ಮರ ಉಬ್ಬುತ್ತದೆ ಎಂದು ಅವನೇ ಗೊಣಗಿದ. ತಗಡು ಬಿಚ್ಚದೆ ಗತಿಯಿರಲಿಲ್ಲ. ತಾತ ಹೋದ ಮೇಲೆ ಅದನ್ನು ಯಾರೂ ಬಿಚ್ಚಿರಲಿಲ್ಲ.

ಆಗ ಅಜ್ಜಿ ಸ್ಕೋಪನ್ನು ಸೀರೆಯ ಸೆರಗಿನಲ್ಲಿ ಒರೆಸುತ್ತ ಬಂದು ಎದುರಿಗೆ ಕೂತಳು. ಸುಮ್ಮನಿರಲಾರದೆ, ಆ ರಾಜನದು ಕೊನೆಗೆ ಏನಾಯಿತು ಎಂದು ಕೇಳಿದೆ.

"ನನ್ನ ಯಾಕ್ ಕೇಳ್ತೀಯ? ಕಥೆ ಕೊನೆ ಆ ತಗಡಿನ ಕೆಳಗದೆ. ಬಿಚ್ಚಲಿ, ತಾಳು."

ಅಪ್ಪ ಎರಡು ಸ್ಕ್ರೂ ತಿರುಗಿಸಿ ತಗಡು ಎತ್ತಿದ. ವಿಭೂತಿ ಒಳಗೆ ಹೆಚ್ಚೇನೂ ಹೋಗಿರಲಿಲ್ಲ. ಆದರೆ ಮರದ ಮುಖದ ತುಂಬ ಗರಗಸದ ಗೀರುಗಳಿದ್ದವು. ಕಾರ್ಖಾನೆಯಿಂದ ಬಂದ ನಯವಾದ ಮುಖವಲ್ಲ ಅದು. ಒಂದು ಕಡೆ ಕೊಂಚ ಓರೆಯಾಗಿ, ಕೊನೆಯಲ್ಲಿ ಚೂರು ಸಿಗಿದು ಹೋಗಿ, ಕೈಯಲ್ಲಿ ಕುಯ್ದದ್ದು. ಸ್ಕ್ರೂ ಕೂತಿದ್ದ ತೂತುಗಳ ಪಕ್ಕದಲ್ಲೇ ಬೆಂಕಿಕಡ್ಡಿ ತುರುಕಿ ಮುಚ್ಚಿದ ಇನ್ನೆರಡು ಹಳೆಯ ತೂತುಗಳು. ದಿನಾ ಗರಗಸ ಮಾರುವವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಪ್ಪ ಅಜ್ಜಿಯ ಕಡೆ ನೋಡಿದ.

ಅಜ್ಜಿ ಹೇಳಿದಳು. ರೈಫಲ್ಲು ಮೊದಲು ಕುಣಿಗಲ್ಲಿನಲ್ಲಿ ಕುದುರೆ ಫಾರಂ ಕಡೆ ಇದ್ದ ಒಬ್ಬ ಸಾಹೇಬರದು. ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರದ ಮನುಷ್ಯ. ಅವರು ಊರು ಬಿಡುವಾಗ ತಾತ ಅದನ್ನು ಕೊಂಡು, ಗುಬ್ಬಿಗೆ ತಂದು, ಕರಟಗಳ ಮುಂದೆ ಮಲಗಿದರೆ ಒಂದೂ ಬೀಳಲಿಲ್ಲ. ತಾತ ಗಿಡ್ಡ. ಹಿತ್ತಿಲಿನಲ್ಲಿ ಅಜ್ಜಿಯ ಕೈಗೆ ಮರದ ಒಂದು ತುದಿ ಕೊಟ್ಟು, ಇನ್ನೊಂದು ತುದಿಯನ್ನು ತಾವೇ ಕುಯ್ದರು. ಸಾಹೇಬರ ಕಬ್ಬಿಣದ ತಗಡು ಕುಯ್ದ ಮರಕ್ಕೆ ಹೊಂದಲಿಲ್ಲ. ಅದಕ್ಕೆ ಅಜ್ಜಿಗೆ ತವರಿನಿಂದ ಬಂದಿದ್ದ ಹಿತ್ತಾಳೆಯ ತಾಂಬೂಲದ ತಟ್ಟೆಯನ್ನು ಕೇಳದೆ ಕತ್ತರಿಸಿ ಕೂರಿಸಿದರು.

"ನೀನು ದಿನಾ ಕಣ್ಣಿಗೊತ್ಕೊಳೋದು ನಮ್ಮಪ್ಪನ ತಟ್ಟೆ ಕಣ್ಲಾ, ನಿಮ್ಮಪ್ಪಂದಲ್ಲ" ಎಂದಳು.

ಅಪ್ಪ ತಗಡನ್ನು ತಿರುವಿ ನೋಡಿದ. ಒಳಮೈಯಲ್ಲಿ ತಟ್ಟೆಯ ಬಳ್ಳಿಯ ಕೆತ್ತನೆ ಇನ್ನೂ ಅರ್ಧ ಉಳಿದಿತ್ತು. ಅವನ ಮುಖದಲ್ಲಿ ಅಳು ಮತ್ತು ನಗು ಯಾವುದು ಮೊದಲು ಬರಬೇಕೆಂದು ತಳ್ಳಾಡಿದವು. ಕೊನೆಗೆ, ಇಷ್ಟು ದಿನ ಯಾಕೆ ಹೇಳಲಿಲ್ಲವ್ವ ಎಂದು ಕೇಳಿದ.

ಅಜ್ಜಿ ಸ್ಕೋಪನ್ನು ಕಣ್ಣಿಗಿಟ್ಟುಕೊಂಡು ಅವನನ್ನೇ ನೋಡಿದಳು. "ಯುಗಾದೀಲೇ ಹೇಳಿದ್ರೆ ಇದು ನನ್ನ ಕೈಗೆ ಬರ್ತಿತ್ತೇನ್ಲಾ?"

ಅಪ್ಪ ಅಂಗಡಿಗೆ ಹೋಗಿ ಸಣ್ಣ ಹಲ್ಲಿನ ಗರಗಸ ತಂದ. ಅದರ ಮೇಲೆ ನಿನ್ನೆಯ ಕುಂಕುಮ ಹಾಗೇ ಇತ್ತು. ನನ್ನ ಮೊಣಕೈ ಮಡಿಸಿ, ಮರದ ತುದಿಯನ್ನು ಮಡಿಕೆಗೆ ಒತ್ತಿ, ಬೆರಳು ಗುಂಡು ಹಾರಿಸಲು ಎಳೆಯುವ ಕುದುರೆಗೆ ಎಲ್ಲಿ ತಾಕುತ್ತದೆಂದು ನೋಡಿ, ಪೆನ್ಸಿಲಿನಲ್ಲಿ ಗೆರೆ ಹಾಕಿದ. ಮರ ಸಿಗಿಯದಿರಲೆಂದು ಗೆರೆಯ ಸುತ್ತ ಅಂಟುಪಟ್ಟಿ ಸುತ್ತಿದ. ಅಳತೆ ಟೇಪಿನಲ್ಲಿ ಇನ್ನೊಮ್ಮೆ ಅಳೆದ. ಮತ್ತೊಮ್ಮೆ ಅಳೆಯಲು ಹೋದಾಗ ಅಜ್ಜಿ, ಅಂಗಡಿಯ ಟೇಪು ಸವೆದುಹೋದೀತು ಎಂದಳು. ನಳಿಕೆಯನ್ನು ಬಿಚ್ಚಿ ಬೀರುವಿನಲ್ಲಿಟ್ಟು ಬರಿಯ ಮರವನ್ನು ಜಗಲಿಗೆ ತಂದ. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಮುಂದಿನ ತುದಿ ಹಿಡಿದಳು. ಹಿಡಿದ ರೀತಿಯಲ್ಲೇ ಅದು ಅವಳಿಗೆ ಹೊಸ ಕೆಲಸವಲ್ಲ ಎಂಬುದು ತಿಳಿಯುತ್ತಿತ್ತು.

ಮೊದಲ ಎಳೆತಕ್ಕೆ ಅಪ್ಪ ಕಣ್ಣು ಮುಚ್ಚಿದ. ಗೆರೆ ತಪ್ಪುತ್ತೆ, ಕಣ್ ಬಿಡ್ಲಾ ಎಂದಳು ಅಜ್ಜಿ. ಆಮೇಲೆ ಅವನ ಕೈ ಹದಕ್ಕೆ ಬಂತು. ಕಂದು ಪುಡಿ ಹಾಸಿದ ದಿನಪತ್ರಿಕೆಯ ಮೇಲೆ ಉದುರಿತು. ಎರಡು ಬೆರಳಗಲದ ತುಂಡು ಕೊನೆಗೆ ಸಣ್ಣ ಸದ್ದು ಮಾಡಿ ಬಿತ್ತು. ಅಪ್ಪ ಅದನ್ನೆತ್ತಿ, ತಾತ ಕುಯ್ದ ಗೀರಿನ ಮೇಲೆ ಬೆರಳಾಡಿಸಿ, ರಬ್ಬರಿನ ದಿಂಬಿದ್ದ ಜೇಬಿಗೇ ಹಾಕಿಕೊಂಡ. ಹೊಸ ಮುಖವನ್ನು ಉಪ್ಪುಕಾಗದದಿಂದ ಉಜ್ಜಿ ನಯ ಮಾಡಿದ. ಅಜ್ಜಿಯ ತಟ್ಟೆಯನ್ನೇ ಅಂಚು ಅರದಿಂದ ಉಜ್ಜಿ ಮತ್ತೆ ಕೂರಿಸಿದ. ನಳಿಕೆ ಮರಕ್ಕೆ ಸೇರಿತು.

ನಡುಮನೆಯಲ್ಲಿ ಚಾಪೆ ಹಾಸಿ, ಚರ್ಮದ ಪಟ್ಟಿಯನ್ನು ತೋಳಿಗೆ ಸುತ್ತಿಕೊಂಡು ಬೋರಲು ಮಲಗಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಭಾನುವಾರದ ಕೆಂಪು ಅಂಕಿ ಎದುರಿಗಿತ್ತು. ಕೆನ್ನೆ ತಾನಾಗಿಯೇ ಮರಕ್ಕೆ ಬಂತು. ಕಿಂಡಿಯ ನಡುವೆ ಮೊನೆ, ಮೊನೆಯ ಮೇಲೆ ಅಂಕಿ, ಮೂರೂ ಒಂದೇ ಸಾಲಿನಲ್ಲಿ ನಿಂತವು. ಕತ್ತು ಎಲ್ಲಿಗೂ ಹೋಗಬೇಕಾಗಲಿಲ್ಲ.

"ಎಟುಕ್ತೇನೇ?" ಎಂದು ಅಪ್ಪ ಕೇಳಿದ.

ಎಟುಕಿತು ಎಂದೆ.